ಪಟ್ಟಿ ಎತ್ತೋದಕ್ಕೆ ಓಡಿದೆ: ಹುಬ್ಬಳ್ಳಿ, ಧಾರವಾಡ, ಮತ್ತೆ ಹುಬ್ಬಳ್ಳಿ

ನಮ್ಮ ಕಡೆ ಹತ್ತು ಜನರಿಂದ ದುಡ್ಡು ಸೇರಿಸುವುದಕ್ಕೆ ಪಟ್ಟಿ ಎತ್ತೋದು ಅಂತಾರೆ. ಗಣಪತಿಗೆ ಪಟ್ಟಿ, ಜಾತ್ರೆಗೆ ಪಟ್ಟಿ, ಗುಡಿಯ ಕಳಸಕ್ಕೆ ಪಟ್ಟಿ. ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಪಟ್ಟಿ ಕೊಟ್ಟು ರೂಢಿ, ಕೇಳಿ ರೂಢಿ ಇಲ್ಲ. ರಸೀದಿ ಪುಸ್ತಕ ಹಿಡಿದ ಹುಡುಗರು ಓಣಿಯ ತುದಿಯಲ್ಲಿ ಕಂಡರೆ ಸ್ಟಾಕ್ ನೋಡುವ ನೆಪದಲ್ಲಿ ಒಳಗೆ ಎದ್ದು ಹೋಗುವ ಪೈಕಿ ನಾನು. ಅಂಥವನೇ ಊರವರ ಮುಂದೆ ಕೈ ಚಾಚಬೇಕಾದಾಗ ಸುಮ್ನೆ ಕೇಳೋದಕ್ಕೆ ಬಾಯಿ ಬರಲಿಲ್ಲ. ಅದಕ್ಕೇ ಓಡಿದೆ.

ದುಡ್ಡು ಬೇಕಿದ್ದದ್ದು ಗುಳಿಗೆಗೆ. ಥಲಸ್ಸೇಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಜೋರಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಇದು ಸುಮಾರು ಜನಕ್ಕೆ ಗೊತ್ತು. ಮುಂದಿನದು ಗೊತ್ತಿರುವುದಿಲ್ಲ. ಒಂದೊಂದು ಬಾಟ್ಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣದ ಅಂಶ ಮೈಗೆ ಸೇರುತ್ತದೆ. ಅಷ್ಟನ್ನೂ ಹೊರಗೆ ಹಾಕುವ ದಾರಿ ದೇಹಕ್ಕಿಲ್ಲ. ಅದು ಲಿವರ್‌ನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. ಇಳಿಸಬೇಕಾದರೆ ಡೆಫೆರಾಸಿರಾಕ್ಸ್ ಅನ್ನುವ ಗುಳಿಗೆ ದಿನಾ ಬೇಕು, ವರ್ಷಗಟ್ಟಲೆ ಬೇಕು. ಎಷ್ಟು ಅನ್ನುವುದು ಮಗುವಿನ ತೂಕದ ಮೇಲೆ. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಸರಕಾರಿ ಪೂರೈಕೆ ಇದ್ದಾಗ ಚಿಂತೆ ಇಲ್ಲ. ಇಲ್ಲದ ತಿಂಗಳು ಅವರೆಲ್ಲ ನಮ್ಮಂಥ ಅಂಗಡಿಗೆ ಬರುತ್ತಾರೆ.

ಕುಂದಗೋಳ ಕಡೆಯ ಒಬ್ಬ ತಾಯಿ ಬರುತ್ತಿದ್ದರು. "ಅಣ್ಣಾರ, ಅರ್ಧಾ ಶೀಟ್ ಕೊಡ್ರಿ, ಉಳದದ್ದು ಸೋಮವಾರ ಒಯ್ತೀನಿ." ಶೀಟ್ ಕತ್ತರಿಸುವುದಕ್ಕೂ ಒಂದು ರೀತಿ ಇದೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಅಚ್ಚಾಗಿರುವ ಅಂಚು ಅಂಗಡಿಯಲ್ಲೇ ಉಳಿಯಬೇಕು. ಇಲ್ಲದಿದ್ದರೆ ಮಿಕ್ಕ ಅರ್ಧವನ್ನು ಮಾರೋದಕ್ಕೆ ಬರುವುದಿಲ್ಲ. ಅಂದರೆ ಆಕೆ ಮನೆಗೆ ಒಯ್ಯುವ ತುಂಡಿನ ಮೇಲೆ ತಾರೀಖೇ ಇರುವುದಿಲ್ಲ. ನಾನು ಸಣ್ಣ ಕವರಿನಲ್ಲಿ ಹಾಕಿ, ಅದರ ಮೇಲೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆ. ಸೋಮವಾರ ಅಂದವರು ಎಷ್ಟೋ ಸಲ ಗುರುವಾರ ಬರುತ್ತಿದ್ದರು. ನಡುವಿನ ದಿನಗಳಲ್ಲಿ ಮಗುವಿಗೆ ಗುಳಿಗೆ ಇಲ್ಲ.

ಇಂಥ ಮಕ್ಕಳಿಗೆ ಔಷಧಿ ಕೊಡಿಸುವ ಸಣ್ಣ ಟ್ರಸ್ಟ್ ಒಂದು ಊರಲ್ಲಿದೆ. ಅವರಿಗೆ ನಾನು ಲಾಭ ಬಿಟ್ಟು ಮಾಲು ಕೊಡುತ್ತಿದ್ದೆ. ಅದು ಸಾಲದು ಅನ್ನಿಸಿದಾಗ ನೆನಪಾದದ್ದು ಕೆನಡಾದ ಟೆರಿ ಫಾಕ್ಸ್. ಕ್ಯಾನ್ಸರಿಗೆ ಬಲಗಾಲು ಕೊಟ್ಟ ಹುಡುಗ. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ನಿಲ್ಲಬೇಕಾಯಿತು. ಕ್ಯಾನ್ಸರ್ ಸಂಶೋಧನೆಗೆ ಅವನು ಕೇಳಿದ್ದು ದೇಶದ ಜನರಲ್ಲಿ ತಲೆಗೊಂದು ಡಾಲರ್. ಅದೂ ಪಟ್ಟಿನೇ ಅಲ್ವಾ?

ನಲವತ್ತೈದು ದಾಟಿದವರು ಒಮ್ಮೆಲೇ ಬೂಟು ಕಟ್ಟಿ ಓಡಬಾರದು. ಮೊದಲು ಬಿಪಿ, ಶುಗರ್, ಇಸಿಜಿ, ಡಾಕ್ಟರು ಹೇಳಿದರೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ. ನಾನು ಅಷ್ಟೂ ಮಾಡಿಸಿದೆ. ಆಮೇಲೆ ಉಣಕಲ್ ಕೆರೆ ದಂಡೆಯ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಬೆಳಿಗ್ಗೆ ವಾಕಿಂಗ್ ಬರುವ ಅಜ್ಜಂದಿರು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹೋಗಲಿ ಬಿಡಿ. ಎದೆ, ಉಸಿರು ಬೇಗ ಪಳಗುತ್ತವೆ. ಕೀಲು, ಮೂಳೆ, ಸ್ನಾಯುರಜ್ಜು ಪಳಗೋದಕ್ಕೆ ತಿಂಗಳುಗಳೇ ಬೇಕು. ಹೊಸದಾಗಿ ಓಡುವವರಿಗೆ ಮೊಣಕಾಲ ಕೆಳಗಿನ ಮುಂಗಾಲು ಮೂಳೆ ನೋಯುವುದು ಇದರಿಂದಲೇ. ಉಸಿರು ಸಾಕಾಗುತ್ತದೆ ಅಂತ ದೂರ ಹೆಚ್ಚಿಸಿಬಿಡುತ್ತಾರೆ.

ವೇಗಕ್ಕೆ ನನ್ನ ಲೆಕ್ಕ ಹದಿಮೂರರ ಮಗ್ಗಿ. ಓಡುತ್ತಾ ಬಾಯಿಬಿಟ್ಟು ಹೇಳಬೇಕು. ಹದಿಮೂರಾರಲೆ ಎಪ್ಪತ್ತೆಂಟು ಅನ್ನುವಷ್ಟರಲ್ಲಿ ಉಸಿರು ಕಡಿದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ. ಗಡಿಯಾರ, ಆ್ಯಪ್ ಎಲ್ಲ ಆಮೇಲೆ ಬಂದವು. ಇವತ್ತಿಗೂ ನಾನು ನಂಬೋದು ಮಗ್ಗಿಯನ್ನೇ. ವಾರದ ಓಟಗಳಲ್ಲಿ ಒಂದು ಮಾತ್ರ ಉದ್ದ, ಭಾನುವಾರ. ಉಳಿದವು ಸಣ್ಣವು, ನಿಧಾನದವು. ಏರು ಬೇಕಾದಾಗ ನೃಪತುಂಗ ಬೆಟ್ಟ. ಉದ್ದದ ಓಟಕ್ಕೆ ನಮ್ಮ ಅವಳಿನಗರದವರಿಗೆ ಒಂದು ಅನುಕೂಲ ಇದೆ. ಹುಬ್ಬಳ್ಳಿಯಿಂದ ಓಡು, ಸಾಕಾದಲ್ಲಿ ಚಿಗರಿ ಬಸ್ ಹತ್ತಿ ವಾಪಸ್ ಬಾ. ಎರಡೂ ಊರಿನ ನಡುವೆ ತನ್ನದೇ ಲೇನಿನಲ್ಲಿ ಓಡುವ ಬಸ್ ಅದು. ಮೊದಲು ನವನಗರ, ಆಮೇಲೆ ರಾಯಾಪುರ, ಆಮೇಲೆ ಸತ್ತೂರು. ಹೀಗೆ ಸ್ಟಾಪಿನಿಂದ ಸ್ಟಾಪಿಗೆ ನನ್ನ ದೂರ ಬೆಳೆಯಿತು. ಬೆವರಿನಲ್ಲಿ ನೆನೆದು ಎಸಿ ಬಸ್ಸಿನಲ್ಲಿ ಕೂತರೆ ಪಕ್ಕದವರು ಸೀಟು ಬದಲಿಸುತ್ತಾರೆ, ಅದೊಂದೇ ಕಷ್ಟ. ಬಸ್ಸಿನ ಲೇನ್ ಖಾಲಿ ಕಾಣುತ್ತದೆ ಅಂತ ಅದರೊಳಗೆ ಮಾತ್ರ ಓಡಬೇಡಿ. ಚಿಗರಿ ಅಂದರೆ ಜಿಂಕೆ, ಹೆಸರಿಗೆ ತಕ್ಕ ಹಾಗೇ ಬರುತ್ತದೆ, ಸದ್ದೂ ಕಡಿಮೆ.

ಮಳೆಗಾಲದಲ್ಲಿ ಹೊಲದ ದಾರಿ ಬೇಡ. ನಮ್ಮ ಎರಿಮಣ್ಣು ಬೂಟಿನ ತಳಕ್ಕೆ ಪದರ ಪದರವಾಗಿ ಅಂಟಿ, ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಒಂದೊಂದು ಕಿಲೋ ತೂಗುತ್ತದೆ. ಕಡ್ಡಿ ತಗೊಂಡು ಕೆರೆದು, ಮತ್ತೆ ಹತ್ತು ಹೆಜ್ಜೆ. ಬೂಟು ಕೊಳ್ಳುವುದಿದ್ದರೆ ಸಂಜೆ ಹೋಗಿ. ದಿನವಿಡೀ ನಿಂತು ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ಉದ್ದದ ಓಟದಲ್ಲೂ ಊದುವುದು ಹಾಗೇ. ಹೆಬ್ಬೆರಳಿನ ಮುಂದೆ ಅರ್ಧ ಇಂಚಿನಷ್ಟು ಜಾಗ ಬೇಕು. ಇಲ್ಲದಿದ್ದರೆ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ತೊಡೆಸಂದಿ, ಕಂಕುಳಿಗೆ ವ್ಯಾಸಲಿನ್.

ಅಂಗಡಿಯವನಾಗಿ ಎರಡು ಮಾತು ಹೇಳಲೇಬೇಕು. ಒಂದು, ನೋವಿನ ಗುಳಿಗೆ ನುಂಗಿ ಓಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಇಂಥವು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಬೆವರಿ ನೀರು ಕಡಿಮೆಯಾದ ಮೈಗೆ ಅದು ಅಪಾಯ. ಓಡುವವರೇ ಬಂದು "ಮೊದ್ಲ ಒಂದು ತಗೊಂಡು ಹೋಗ್ಲ್ಯಾ?" ಅಂತ ಕೇಳುತ್ತಾರೆ. ನಾನು ಕೊಡುವುದಿಲ್ಲ. ಎರಡು, ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಉಪ್ಪು ಸಕ್ಕರೆಯ ಪುಡಿ. ಒಂದು ಲೀಟರಿನ ಪೊಟ್ಟಣವನ್ನು ಪೂರಾ ಒಂದು ಲೀಟರ್ ನೀರಿಗೇ ಹಾಕಬೇಕು. ರುಚಿಗೆ ಅಂತ ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಸಕ್ಕರೆ ಗಟ್ಟಿಯಾಗಿ ಹೊಟ್ಟೆ ಕೆಡುತ್ತದೆ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಹಾಕಿಕೊಳ್ಳದಂತೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ತಡೆ ಹಾಕಿತು. ಇದು ಬಹಳ ಮೊದಲೇ ಆಗಬೇಕಿತ್ತು. ಇನ್ನೊಂದು, ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ. ರಕ್ತದಲ್ಲಿ ಸೋಡಿಯಂ ಇಳಿದರೆ ತಲೆ ತಿರುಗಿ ಬೀಳುತ್ತಾರೆ. ಬಾಯಾರಿದಾಗ ಕುಡಿದರೆ ಸಾಕು. ಒಂದೂವರೆ ತಾಸು ದಾಟಿದರೆ ಸಕ್ಕರೆ ಅಂಶ ಹೊಟ್ಟೆಗೆ ಹೋಗುತ್ತಿರಬೇಕು. ನನ್ನದು ಖರ್ಜೂರ, ಬಾಳೆಹಣ್ಣು, ಬೆಲ್ಲ. ಶೇಂಗಾ ಉಂಡಿ ಓಡಿದ ಮೇಲೆ.

ಓಡೋದು ಇಷ್ಟೇ. ಕೇಳೋದು ಬೇರೆ.

ಪ್ರವೇಶ ಶುಲ್ಕ ಕಟ್ಟಿ ದೊಡ್ಡ ಊರಿನ ಮ್ಯಾರಥಾನಿಗೆ ಹೋಗಬಹುದಿತ್ತು. ಮುಂಬೈಯಲ್ಲಿ 2004ರಿಂದ ನಡೆಯುತ್ತಿದೆ, ಸಂಸ್ಥೆಗಳಿಗೆ ದುಡ್ಡು ಎತ್ತುವ ವ್ಯವಸ್ಥೆಯೂ ಅಲ್ಲಿದೆ. ಆದರೆ ನನಗೆ ಕೊಡುವವರು ಮುಂಬೈಯಲ್ಲಿಲ್ಲ, ನಮ್ಮ ಓಣಿಯಲ್ಲಿದ್ದಾರೆ. ಅವರ ಕಣ್ಣೆದುರೇ ಓಡಬೇಕು ಅನ್ನಿಸಿತು. ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಜುಬಿಲಿ ಸರ್ಕಲ್, ಅಲ್ಲಿಂದ ಕರ್ನಾಟಕ ಕಾಲೇಜು (ಕೆಸಿಡಿ) ಕಡೆ ಸ್ವಲ್ಪ ದೂರ, ಮತ್ತೆ ವಾಪಸ್. ಹೆಚ್ಚು ಕಡಿಮೆ ಒಂದು ಮ್ಯಾರಥಾನ್. 42.195 ಕಿಲೋಮೀಟರಿಗೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ನಮ್ಮ ಓಣಿಯಲ್ಲೇ ಸುತ್ತಿ ತುಂಬಿಸೋದು ಅಂತ ಮಾಡಿಕೊಂಡೆ.

"ಐದುನೂರು ಕೊಡ್ರಿ" ಅಂದರೆ ಯಾರಿಗೂ ಮನಸ್ಸಾಗುವುದಿಲ್ಲ. "ಕಿಲೋಮೀಟರಿಗೆ ಹತ್ತು ರೂಪಾಯಿ ಕೊಡ್ರಿ, ಎಷ್ಟು ಓಡ್ತೀನೋ ಅಷ್ಟಕ್ಕ" ಅಂದೆ. ನಲವತ್ತೆರಡಕ್ಕೆ ನಾನೂರಾ ಇಪ್ಪತ್ತು. ಇಪ್ಪತ್ತಕ್ಕೆ ಕುಸಿದರೆ ಇನ್ನೂರು. ಇದು ಜನಕ್ಕೆ ಹಿಡಿಸಿತು, ಯಾಕಂದರೆ ಇದರಲ್ಲಿ ಪಂಥ ಇದೆ. ಮೆಡಿಕಲ್ ಹೋಲ್‌ಸೇಲಿನಲ್ಲಿ ಬಾಕ್ಸ್ ಹೊರುವ ಹುಡುಗ ಕಿಲೋಮೀಟರಿಗೆ ಒಂದು ರೂಪಾಯಿ ಬರೆಸಿದ. ಅವನ ಸಾವ್ಕಾರ ಅದನ್ನು ನೋಡಿ ಇಪ್ಪತ್ತೈದು ಬರೆಸಿದ. ಪಟ್ಟಿಯಲ್ಲಿ ಮೇಲಿನ ಸಾಲು ಯಾರದ್ದು ಅನ್ನುವುದು ಮುಖ್ಯ ಅಂತ ಗಣಪತಿ ಹುಡುಗರಿಗೆ ಮೊದಲಿಂದಲೂ ಗೊತ್ತು. ನನಗೆ ಅವತ್ತು ಗೊತ್ತಾಯಿತು.

ಎಲ್ಲರೂ ಇಷ್ಟು ಸಲೀಸಲ್ಲ. ಬಿಪಿ ಗುಳಿಗೆಗೆ ಬರುವ ಕಾಕಾ ಒಬ್ಬರು ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿದರು. "ಏನಪಾ, ಹರಕಿ ಹೊತ್ತೀಯೇನು? ಎಲ್ಲಮ್ಮನ ಗುಡ್ಡಕ್ಕ ನಡಕೋಂತ ಹೋಗೂದು ಕೇಳೇನಿ. ಧಾರವಾಡಕ್ಕ ಓಡಕೋಂತ ಯಾಕ? ಆ ಪೆಟ್ರೋಲ್ ಉಳದದ್ದ ರೊಕ್ಕಾನ ಕೊಟ್ಟಬಿಡು." ಪ್ರಶ್ನೆ ಸರಿಯಾದದ್ದೇ. ಓಟಕ್ಕೂ ಗುಳಿಗೆಗೂ ನೇರ ಸಂಬಂಧ ಏನೂ ಇಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಬೆವರಿಳಿಸುವುದನ್ನು ಕಂಡವರು ನನ್ನ ಮಾತು ಕೇಳೋದಕ್ಕೆ ಎರಡು ನಿಮಿಷ ನಿಲ್ಲುತ್ತಿದ್ದರು. ಆ ಎರಡು ನಿಮಿಷದಲ್ಲಿ ನಾನು ಕಬ್ಬಿಣದ ವಿಷಯ ಹೇಳುತ್ತಿದ್ದೆ, ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರೂ ಎಚ್‌ಬಿಎ2 ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಹೇಳುತ್ತಿದ್ದೆ. ತಾವು ಆರಾಮಿದ್ದೂ ಕಾಯಿಲೆಯನ್ನು ಮಕ್ಕಳಿಗೆ ದಾಟಿಸಬಲ್ಲ ವಾಹಕರು ಯಾರು ಅಂತ ಅದರಲ್ಲಿ ತಿಳಿಯುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ನಮ್ಮ ಕಡೆ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಕಾಕಾ ರೊಕ್ಕ ಕೊಡಲಿಲ್ಲ, ಮೊಮ್ಮಗಳ ಪರೀಕ್ಷೆ ಮಾಡಿಸಿದರು. ನನಗೆ ಅದೂ ಪಟ್ಟಿಯ ಲೆಕ್ಕಕ್ಕೇ.

ದುಡ್ಡನ್ನು ನನ್ನ ಖಾತೆಗೆ ಮುಟ್ಟಿಸಲೇ ಇಲ್ಲ. ಟ್ರಸ್ಟಿನ ಕ್ಯೂಆರ್ ಕೌಂಟರಿನ ಮೇಲೆ ಇಟ್ಟೆ, ರಸೀದಿ ಅವರದ್ದೇ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿ ಕೇಳುವವರಿಗೆ ಮೊದಲೇ ಹೇಳಿದೆ: 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ದುಬೈಯಲ್ಲಿರುವ ಗೆಳೆಯ ಭಾರತದ ಪಾಸ್‌ಪೋರ್ಟಿನವನು, ಅವನದ್ದು ತಗೊಂಡರು. ಅಮೆರಿಕದ ಪ್ರಜೆಯಾದ ನಮ್ಮ ದೊಡ್ಡಪ್ಪನ ಮಗನದ್ದು ತಗೊಳ್ಳಲಿಲ್ಲ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಸಣ್ಣ ಟ್ರಸ್ಟಿಗೆ ಅದಿರಲಿಲ್ಲ. ಅಣ್ಣನಿಗೆ ಸಿಟ್ಟು ಬಂತು, ಏನು ಮಾಡೋದು. "ಬೂಟು ಯಾರ ರೊಕ್ಕದಾಗ ತಗೊಂಡ್ರಿ?" ಅಂತ ಕೇಳುವವರೂ ಇರುತ್ತಾರೆ. ನನ್ನದೇ ದುಡ್ಡಿನಲ್ಲಿ ಅಂತ ಬಿಲ್ ತೋರಿಸಿದೆ. ಕೇಳಲಿ, ಕೇಳೋದೇ ಒಳ್ಳೆಯದು.

ಫೆಬ್ರುವರಿಯ ಒಂದು ಭಾನುವಾರ ನಸುಕಿನಲ್ಲೇ ಹೊರಟೆ. ಧಾರವಾಡ ಎತ್ತರದಲ್ಲಿದೆ, ಹೋಗುವಾಗ ಏರು ಜಾಸ್ತಿ. ತಂಪಿನಲ್ಲಿ ಅದು ತಿಳಿಯಲಿಲ್ಲ. ಟೋಲ್ ನಾಕಾ ದಾಟುವಾಗಲೂ ಮಗ್ಗಿ ಸರಾಗ. ವಾಪಸ್ ಬರುವಾಗ ರಾಯಾಪುರದ ಹತ್ತಿರ, ಮೂವತ್ತು ಕಿಲೋಮೀಟರ್ ದಾಟಿದ ಮೇಲೆ, ಮೀನಖಂಡ ಹಿಡಿಯಿತು. ಅಷ್ಟು ಹೊತ್ತಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ, ಗ್ಲೈಕೋಜೆನ್, ಮುಗಿಯುತ್ತಾ ಬಂದಿರುತ್ತದೆ, ಬಿಸಿಲೂ ಏರಿರುತ್ತದೆ. ನಮ್ಮಾಕೆ ಸ್ಕೂಟಿಯಲ್ಲಿ ನೀರು ಹಿಡಿದು ಹಿಂದೆ ಬರುತ್ತಿದ್ದಳು. "ಕುಂದರ್ತೀರೇನು?" ಅಂದಳು. ಕೂತರೆ ಏಳುವುದಿಲ್ಲ ಅಂತ ಗೊತ್ತಿತ್ತು. ಒಂದು ಲೈಟ್ ಕಂಬದ ತನಕ ಓಟ, ಮುಂದಿನದರ ತನಕ ನಡಿಗೆ. ಭೈರಿದೇವರಕೊಪ್ಪದಲ್ಲಿ ಗಿರಾಕಿಯೊಬ್ಬರು ಬೈಕ್ ನಿಲ್ಲಿಸಿ, "ಇನ್ನ ಎಂಟು ಉಳದಾವ, ನಿಂತ್ರ ನಮಗ ಎಂಬತ್ತು ರೂಪಾಯಿ ಉಳೀತಾವ ನೋಡ್ರಿ" ಅಂದರು. ನಿಲ್ಲಲಿಲ್ಲ. ಐದು ತಾಸಿನ ಮೇಲೆ ಹಿಡಿಯಿತು, ಅಷ್ಟೇ.

ಮರುದಿನ ಅಂಗಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಬಂದ ದುಡ್ಡು, ಕೊಂಡ ಗುಳಿಗೆ, ಯಾವ ತಿಂಗಳು ಎಷ್ಟು ಮಕ್ಕಳಿಗೆ ಹೋಯಿತು ಅನ್ನುವುದನ್ನು ಬರೆದು ಬಾಗಿಲ ಪಕ್ಕ ಅಂಟಿಸಿದ್ದೇನೆ. ಮಕ್ಕಳ ಹೆಸರಿಲ್ಲ, ಫೋಟೋ ಇಲ್ಲ. ಫೋಟೋ ಹಾಕಿದರೆ ಜಾಸ್ತಿ ಬರುತ್ತದೆ ಅಂತ ಕೆಲವರು ಹೇಳಿದರು. ಬರಬಹುದು. ಫೋಟೋದಲ್ಲಿ ಕಂಡ ಹುಡುಗಿ ನಾಳೆ ಇದೇ ಊರಲ್ಲಿ ಕಾಲೇಜಿಗೆ ಹೋಗಬೇಕಲ್ಲ?

ಬರೆಸಿದವರೆಲ್ಲ ಕೊಡುವುದಿಲ್ಲ, ಅದಕ್ಕೆ ತಯಾರಾಗಿರಿ. ಓಟ ಮುಗಿದ ವಾರದಲ್ಲಿ ಬಂದದ್ದೇ ಬಂದದ್ದು. ಉಳಿದವರಿಗೆ ಎರಡು ಸಲ ನೆನಪಿಸಿ ಬಿಟ್ಟೆ. ಒಬ್ಬರಂತೂ ನಾನು ಕೇಳಿಬಿಡುತ್ತೇನೆ ಅಂತ ಎದುರಿನ ಅಂಗಡಿಯಲ್ಲಿ ಗುಳಿಗೆ ತಗೊಳ್ಳೋಕೆ ಶುರುಮಾಡಿದ್ದಾರೆ. ಪಟ್ಟಿನೂ ಬರಲಿಲ್ಲ, ಗಿರಾಕಿನೂ ಹೋದರು.