ಅಡುಗೆಮನೇಲಿ ಫೋನ್ ಎಲ್ಲಿಡೋದು?

ಡೊಂಬಿವಲಿ ಗೆಳತಿಯರೇ, ನಮ್ಮ ಕಿರಿದಾದ ಅಡುಗೆಕಟ್ಟೆ ಮೇಲೆ ಜಾಗ ಇಲ್ಲ ಅಂತ ಫೋನನ್ನು ಒಲೆ ಪಕ್ಕ ಒರಗಿಸಿಡಬೇಡಿ, ದಯವಿಟ್ಟು. ಬ್ಯಾಟರಿಗೆ ಬಿಸಿ ಆಗಿಬರಲ್ಲ. ಐಫೋನ್ ಬಳಸೋದಕ್ಕೆ ಆಪಲ್ ಹೇಳೋ ಮಿತಿಯೇ 35 ಡಿಗ್ರಿ ಸೆಲ್ಸಿಯಸ್. ಫೋನಿಗೆ ಐಪಿ68 (ನೀರು, ಧೂಳು ತಡೆಯೋ ದರ್ಜೆ) ಅಂತಿದ್ದರೂ ಅದು ನೀರು, ಧೂಳಿನ ಪರೀಕ್ಷೆ, ಕುಕ್ಕರ್ ಹಬೆಯದ್ದಲ್ಲ.

ನಾನು ಒಲೆಯಿಂದ ದೂರ, ಕಣ್ಣಿನ ಮಟ್ಟಕ್ಕೆ ಟೈಲ್ಸ್ ಮೇಲೆ ಅಂಟಿಸೋ ಸ್ಟ್ಯಾಂಡ್ ಹಾಕಿದ್ದೀನಿ. ಮೊದಲು ಒಗ್ಗರಣೆ ಜಿಡ್ಡನ್ನು ಸೋಪುನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಹೋದ ಮಳೆಗಾಲ ಅವಸರದಲ್ಲಿ ಅಂಟಿಸಿ, ಟ್ಯಾಬ್ ಬಿದ್ದು ಗಾಜೇ ಒಡೆದುಹೋಯ್ತು, ತುಂಬಾ ಬೇಜಾರಾಯ್ತು. ಟ್ಯಾಬ್ ಭಾರಕ್ಕೆ ಸ್ಕ್ರೂ ಹಾಕೋ ಸ್ಟ್ಯಾಂಡೇ ಸರಿ.

ತೆಳು ಜಿಪ್ ಕವರ್ ಒಳಗಿಟ್ಟರೂ ಟಚ್ ಕೆಲಸ ಮಾಡುತ್ತೆ, ರೊಟ್ಟಿಹಿಟ್ಟಿನ ಕೈ ತಾಗಿದರೂ ಚಿಂತೆಯಿಲ್ಲ. ಕವರ್‌ನಲ್ಲಿಟ್ಟು ಚಾರ್ಜ್ ಮಾತ್ರ ಮಾಡಬೇಡಿ.