ನೈರೋಬಿಯ ಕೆಂಪು ಮೈದಾನದಲ್ಲಿ ಖೋ-ಖೋ

"ಆಟ ಆಡ್ಸಾಕೆ ಆಫ್ರಿಕಾಕ್ಕೇ ಹೋಗ್ಬೇಕೇನವ್ವಾ? ಇಲ್ಲಿ ಹುಡುಗ್ರು ಇಲ್ವಾ?"

2016ರ ಕೊನೆಯಲ್ಲಿ ಕೀನ್ಯಾಕ್ಕೆ ಹೊರಡೋ ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ಎರಡು ವರ್ಷ ಅಲ್ಲಿ ದಿನಾ ಏನು ಮಾಡುತ್ತಿದ್ದೆ ಅಂತ ಕೇಳಿದರೆ ಹೇಳಬಲ್ಲೆ. ನಮ್ಮ ಸಭೆಯ, ಅಂದರೆ ಚರ್ಚಿನ, ಯೌವನಸ್ಥರು ಆಗಾಗ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಆಟೋ ಓಡಿಸಿದರು. ಹೈಸ್ಕೂಲ್ ಮೈದಾನದಲ್ಲಿ ಖೋ-ಖೋ ಆಡಿ ಮೊಣಕಾಲು ತರಚಿಕೊಂಡು ಬೆಳೆದೆ, ಆಮೇಲೆ ಪಿ.ಟಿ. ಟೀಚರ್ ಆಗೋಕೆ ಬಿ.ಪಿ.ಎಡ್. ಮಾಡಿದೆ. ಬೇಸಿಗೆ ರಜೆಯಲ್ಲಿ ಚರ್ಚಿನವರು ಮಕ್ಕಳಿಗೆ ನಡೆಸೋ ಬೈಬಲ್ ಶಾಲೆ ವಿ.ಬಿ.ಎಸ್.ನಲ್ಲಿ ಹಾಡು, ಕಥೆ ಬೇರೆಯವರ ಪಾಲಿಗೆ, ಮಕ್ಕಳನ್ನು ಆಟ ಆಡಿಸೋದು ಯಾವಾಗಲೂ ನನ್ನ ತಲೆಗೆ. ಹಾಗಿರುವಾಗ, ಆಟದ ಮೂಲಕ ಸೇವೆ ಮಾಡುವ ಒಂದು ಸಂಸ್ಥೆಯವರು ನೈರೋಬಿಗೆ ಹುಡುಗಿಯರ ಕೋಚ್ ಬೇಕು ಅಂತ ಕೇಳಿದ್ದಾರೆ ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಹೇಳಿದರು.

ಸಭೆಯ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. "ದೇವರ ಕೆಲಸಕ್ಕೂ ಕುಣಿದಾಡೋದಕ್ಕೂ ಏನಮ್ಮಾ ಸಂಬಂಧ?" ಅಂದರು. ವಾಲಿಬಾಲ್ ಹುಟ್ಟಿದ್ದೇ ವೈ.ಎಂ.ಸಿ.ಎ. ಅನ್ನೋ ಕ್ರೈಸ್ತ ಯುವಕರ ಸಂಘದಲ್ಲಿ ಅಂಕಲ್ ಅಂದೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಲ್ಲಿ ವಿಲಿಯಂ ಮಾರ್ಗನ್ ಅದನ್ನು ಶುರು ಮಾಡಿದರು. ಅದಕ್ಕೂ 4 ವರ್ಷ ಮೊದಲು ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಆಡಿಸಿದ್ದೂ ವೈ.ಎಂ.ಸಿ.ಎ.ಯ ತರಬೇತಿ ಶಾಲೆಯಲ್ಲೇ. ನಮ್ಮ ಕಡೆಯ ಎಷ್ಟೋ ಪಿ.ಟಿ. ಮೇಷ್ಟ್ರುಗಳು ಓದಿದ ಮದ್ರಾಸಿನ ವೈ.ಎಂ.ಸಿ.ಎ. ಕಾಲೇಜನ್ನು 1920ರಲ್ಲಿ ಕಟ್ಟಿದವರು ಹ್ಯಾರಿ ಬಕ್. ಎಲ್ಲ ಕೇಳಿಸಿಕೊಂಡು ಅವರು, "ಅವ್ರೆಲ್ಲ ಗಂಡಸ್ರಲ್ವಾ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಆದರೂ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕೈಗೆ ಒಂದು ಕವರು ಕೊಟ್ಟರು. ಒಳಗೆ 500ರ ಹೊಸ ನೋಟು. ನೋಟು ರದ್ದಾಗಿ ಎಲ್ಲರೂ ಎ.ಟಿ.ಎಂ. ಮುಂದೆ ಸಾಲು ನಿಂತಿದ್ದ ದಿನಗಳು ಅವು. ಅದರ ಬೆಲೆ ನನಗೆ ಗೊತ್ತಿತ್ತು.

ಈ ಕೆಲಸಕ್ಕೆ ಸಂಬಳ ಇಲ್ಲ. ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ವಿದೇಶ ಅಂದ ಕೂಡಲೇ ಜನ ಬೇರೆ ಲೆಕ್ಕ ಹಾಕುತ್ತಾರೆ. ನಮ್ಮ ಖರ್ಚಿಗೆ ನಾವೇ ಮನೆ ಮನೆ ತಿರುಗಿ, ತಿಂಗಳಿಗೆ ಇಷ್ಟು ಕೊಡ್ತೀರಾ ಅಂತ ಕೇಳಿ ಹೊಂದಿಸಿಕೊಳ್ಳಬೇಕು. ನನಗೆ ಇದರಷ್ಟು ಕಷ್ಟದ ಕೆಲಸ ಇನ್ನೊಂದು ಇರಲಿಲ್ಲ. ಹೂ ಕಟ್ಟಿ ಮಾರುವ ಒಬ್ಬ ಅಜ್ಜಿ ಎರಡು ವರ್ಷವೂ ತಪ್ಪದೆ ತಿಂಗಳಿಗೆ 50 ರೂಪಾಯಿ ಕೊಟ್ಟರು. ಆ 50 ರೂಪಾಯಿ ನೆನಪಾಗಿ ಅಲ್ಲಿ ಎಷ್ಟೋ ಸಲ ಮಟಾಟು ಹತ್ತದೆ ನಡೆದೇ ಹೋಗಿದ್ದೇನೆ. ಮಟಾಟು ಅಂದರೆ ಅಲ್ಲಿನ ಟೆಂಪೋ. ಒಳಗೆ ಕಿವಿ ಹರಿಯೋ ಹಾಡು.

2017ರ ಜನವರಿಯಲ್ಲಿ ಇಳಿದೆ. ಮೊದಲ ವಾರವೇ ಒಂದು ಬೆರಗು. ತರಕಾರಿ ಮಾರುವ ಹೆಂಗಸು ಬಟನ್ ಫೋನಿನಲ್ಲಿ ದುಡ್ಡು ತಗೊಂಡಳು. ಎಂ-ಪೆಸಾ ಅಂತ, ಅಲ್ಲಿ 2007ರಿಂದಲೇ ಇದೆ. ನಮ್ಮ ಅಪ್ಪ ಎರಡು ಸಾವಿರಕ್ಕಾಗಿ ಅರ್ಧ ದಿನ ಬ್ಯಾಂಕಿನ ಮುಂದೆ ನಿಂತಿದ್ದನ್ನು ಈಗಷ್ಟೇ ನೋಡಿ ಬಂದಿದ್ದೆ.

ಊಟ ಕಷ್ಟವಾಗಲಿಲ್ಲ. ಅವರ ಉಗಾಲಿ ನಮ್ಮ ಮುದ್ದೆಯ ತಂಗಿ, ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಪಕ್ಕಕ್ಕೆ ಸುಕುಮಾ ವಿಕಿ ಅನ್ನೋ ಸೊಪ್ಪಿನ ಪಲ್ಯ. ಆ ಹೆಸರಿಗೆ ವಾರ ತಳ್ಳು ಅಂತ ಅರ್ಥ. ಕೈಯಲ್ಲಿ ದುಡ್ಡಿಲ್ಲದ ವಾರವನ್ನು ದಾಟಿಸೋ ಸೊಪ್ಪು. ಅವರು ಉಗಾಲಿ ಅಗಿದು ತಿನ್ನುತ್ತಾರೆ. ನಾನು ನುಂಗುವುದನ್ನು ನೋಡಿ ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ನಮ್ಮ ಜಿಲ್ಲೆಯ ತುಂಬ ಮೆಕ್ಕೆಜೋಳ ಬೆಳೆದು ಕೋಳಿ ಫೀಡಿಗೆ ಕಳಿಸ್ತೀವಿ ಅಂದಾಗ ಮಾತ್ರ ಯಾರೂ ನಗಲಿಲ್ಲ.

ನಮ್ಮ ಕೆಲಸ ಮತಾರೆ ಕಡೆ. ತಗಡಿನ ಮನೆಗಳು ಒತ್ತೊತ್ತಾಗಿರೋ ಕಣಿವೆ ಅದು. ಬೆಳಿಗ್ಗೆ 8ಕ್ಕೆ ನಾವು ಆರು ಜನ ಸೇರಿ ಸತ್ಯವೇದ ಓದಿ ಪ್ರಾರ್ಥನೆ ಮಾಡುತ್ತಿದ್ದೆವು. ಆಮೇಲೆ ಬಾಲಿಗೆ ಗಾಳಿ ಹೊಡೆಯೋದು, ಬಣ್ಣದ ಬನಿಯನ್ನು ಒಗೆಯೋದು, ಕೋನು ಎಣಿಸೋದು. ವಾರಕ್ಕೆ ಎರಡು ದಿನ ಶಾಲೆಗಳಲ್ಲಿ ಪಿ.ಟಿ. ಮಧ್ಯಾಹ್ನ ಮೂರೂವರೆಗೆ ಮೈದಾನ. ಆರಕ್ಕೆ ಎಲ್ಲ ಮುಗಿಸಿ ಮಕ್ಕಳನ್ನು ಮನೆಗೆ ಕಳಿಸಲೇಬೇಕು. ಸಮಭಾಜಕ ವೃತ್ತದ ಹತ್ತಿರ ಇರೋದರಿಂದ ವರ್ಷಪೂರ್ತಿ ಆರೂವರೆ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಕತ್ತಲು ದಬಕ್ಕನೆ ಬೀಳುತ್ತದೆ.

ಮೊದಲ ಶನಿವಾರವೇ ಎಡವಟ್ಟು ಮಾಡಿಕೊಂಡೆ. ಹೊಸದಾಗಿ ಕಲಿತ ಸ್ವಾಹಿಲಿ ತೋರಿಸೋ ಹುರುಪಿನಲ್ಲಿ "ಸಾ ಟಾಟು"ಗೆ ಬನ್ನಿ ಅಂದಿದ್ದೆ. ಟಾಟು ಅಂದರೆ ಮೂರು. ಮಧ್ಯಾಹ್ನ ಮೂರಕ್ಕೆ ಹೋದರೆ ಮೈದಾನ ಖಾಲಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಹೊತ್ತು ಹುಟ್ಟಿದಾಗಿನಿಂದ. ಅವರ ಮೂರು ಗಂಟೆ ಅಂದರೆ ನಮ್ಮ ಬೆಳಗಿನ ಒಂಬತ್ತು. ನಲವತ್ತು ಮಕ್ಕಳು ಒಂಬತ್ತಕ್ಕೆ ಬಂದು, ಹನ್ನೊಂದರವರೆಗೆ ಕಾದು, ಬೈದುಕೊಂಡು ಹೋಗಿದ್ದರು. ಮುಂದೆ ಒಂದು ತಿಂಗಳು ಯಾರಾದರೂ ತಡವಾಗಿ ಬಂದರೆ ಸಾಕು, "ಕೋಚಾ, ಸಾ ಟಾಟು!" ಅಂತ ಕೂಗೋರು. ಕೋಚಾ ಅಂದರೆ ಕೋಚ್.

ಖೋ-ಖೋ ಶುರುವಾಗಿದ್ದು ಯೋಜನೆ ಹಾಕಿಕೊಂಡಲ್ಲ. ಮೈದಾನ ಇದ್ದದ್ದು ಒಂದೇ, ಅದು ಹುಡುಗರ ಫುಟ್‌ಬಾಲಿಗೆ. ಹುಡುಗಿಯರಿಗೆ ಸಿಗುತ್ತಿದ್ದದ್ದು ಗೋಲಿನ ಹಿಂದಿನ ಒಂದು ಪಟ್ಟಿ ಜಾಗ. ಬಾಲೂ ಇಲ್ಲ. ಬಾಲಿಲ್ಲದೆ, ಇಷ್ಟೇ ಜಾಗದಲ್ಲಿ ಆಡೋ ಆಟ ನನಗೆ ಗೊತ್ತಿದ್ದದ್ದು ಒಂದೇ. ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದೆ. ಎಂಟು ಜನರನ್ನು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿಸಿ ಕೂರಿಸಿದೆ. ಬೆನ್ನು ಮುಟ್ಟಿ ಖೋ ಅಂದರೆ ಮಾತ್ರ ಏಳಬೇಕು, ಎದ್ದ ಮೇಲೆ ಹಿಡಿದ ದಿಕ್ಕು ಬದಲಿಸಬಾರದು, ನಡುಗೆರೆ ದಾಟಬಾರದು. ದಿಕ್ಕು ಬದಲಿಸಬಾರದು ಅನ್ನೋದನ್ನ ಅವರು ಮೂರು ವಾರ ಒಪ್ಪಲೇ ಇಲ್ಲ. ತಪ್ಪಿಸಿಕೊಂಡು ಓಡೋಳು ಕಣ್ಣೆದುರೇ ಇರುವಾಗ ಯಾಕೆ ತಿರುಗಬಾರದು ಅಂತ ಜಗಳ.

ಕಂಬದ್ದು ಇನ್ನೊಂದು ಕಥೆ. ಎರಡು ನೀಲಗಿರಿ ಕಂಬ ಕೊಂಡು, ನಾನೇ ಗುಂಡಿ ತೋಡಿ ನೆಟ್ಟೆ. ನಾಲ್ಕನೇ ದಿನ ಎರಡೂ ಮಾಯ. ಇನ್ನೊಂದು ಜೊತೆ ನೆಟ್ಟೆ, ಅದೂ ಹೋಯಿತು. ಸಿಟ್ಟು ಬಂತು. ಜೊತೆಗೆ ಕೆಲಸ ಮಾಡುತ್ತಿದ್ದ ಅಲ್ಲಿಯ ಅಕ್ಕ ನಗುತ್ತಾ, "ಯಾರದೋ ಮನೆಗೆ ತೊಲೆ ಆಗಿರುತ್ತೆ ಬಿಡು, ಮಳೆಗಾಲ ಬಂತಲ್ಲ" ಅಂದಳು. ಕೊನೆಗೆ ಎತ್ತರದ ಇಬ್ಬರು ಹುಡುಗಿಯರನ್ನೇ ಕಂಬ ಮಾಡಿ ನಿಲ್ಲಿಸಿದೆ. ಆ ಕಂಬಗಳು ಅಂಪೈರನ್ನು ಬೈಯುತ್ತಿದ್ದವು, ಓಡಿ ಬಂದವರಿಗೆ ಕಚಗುಳಿ ಇಡುತ್ತಿದ್ದವು. ಆದರೆ ಕಳುವಾಗಲಿಲ್ಲ.

ಒಬ್ಬ ಹುಡುಗಿ ದಿನಾ ತಡ. ಹನ್ನೆರಡು ವರ್ಷ ಇರಬಹುದು. ನಾನು ಇಲ್ಲಿ ಕಲಿತದ್ದು ತಡವಾದರೆ ಮೈದಾನಕ್ಕೆ ಐದು ಸುತ್ತು. ಓಡಿಸಿದೆ. ಆಕೆ ಒಂದು ಮಾತೂ ಆಡದೆ ಓಡಿದಳು. ಹೀಗೆ ಎರಡು ವಾರ. ಒಂದು ದಿನ ಚಾಕ್‌ಪೀಸು ತರೋಕೆ ಅಂತ ಇಳಿಜಾರಿನ ಓಣಿಯಲ್ಲಿ ಹೋಗುವಾಗ ಆಕೆಯೇ ಎದುರಿಗೆ ಬಂದಳು. ಬೆನ್ನ ಮೇಲೆ 20 ಲೀಟರಿನ ಹಳದಿ ಕ್ಯಾನು, ಅದಕ್ಕೆ ಕಟ್ಟಿದ ಬಟ್ಟೆಯ ಪಟ್ಟಿ ಹಣೆಗೆ ಬಿಗಿದುಕೊಂಡಿದೆ. ನಳದ ಹತ್ತಿರ ದುಡ್ಡು ಕೊಟ್ಟು ನೀರು ತುಂಬಿಕೊಂಡು ಏರು ಹತ್ತುತ್ತಿದ್ದಾಳೆ. ಅದು ಆವತ್ತಿನ ನಾಲ್ಕನೇ ಕ್ಯಾನು. ನನ್ನನ್ನು ನೋಡಿ ನಿಂತು, ಹಣೆಯ ಪಟ್ಟಿ ಸಡಿಲಿಸದೆಯೇ, "ಬರ್ತಿದ್ದೀನಿ ಕೋಚಾ" ಅಂದಳು.

ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ನಳ ಬರುತ್ತಿದ್ದ ಕಾಲದಲ್ಲಿ ಕೊಡ ಹಿಡಿದು ನಿಂತು ಪ್ರಾಕ್ಟೀಸಿಗೆ ತಡವಾದವಳು ನಾನೂ. ನಮ್ಮ ಮೇಷ್ಟ್ರು ಓಡಿಸಿದಾಗ ನಾನೂ ಬಾಯಿ ಬಿಟ್ಟಿರಲಿಲ್ಲ. ಅದೇ ನನಗೆ ಮರೆತುಹೋಗಿತ್ತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಸುತ್ತು ಓಡಿಸೋದು ಬಿಟ್ಟೆ. ಕ್ಯಾನು ಇದ್ದವರು ಮೈದಾನಕ್ಕೇ ತರಲಿ, ಆಟ ಮುಗಿದ ಮೇಲೆ ಎಲ್ಲರೂ ಸೇರಿ ಮುಟ್ಟಿಸೋಣ ಅಂದೆ. ಹಣೆಗೆ ಪಟ್ಟಿ ಕಟ್ಟಿ ನಾನೂ ಒಂದು ಹೊತ್ತೆ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅರ್ಧ ಏರಿಗೇ ಉಸಿರು ಕಟ್ಟಿತು. ಆಕೆಯೇ ನನ್ನ ಕ್ಯಾನನ್ನೂ ಇಸಿದುಕೊಂಡಳು.

ಇನ್ನು ದೇವರ ಮಾತು. ಆಟದ ನಡುವೆ ಐದು ನಿಮಿಷ ಎಲ್ಲರನ್ನೂ ಸುತ್ತ ಕೂರಿಸಿ ಬೈಬಲ್ ಕಥೆ ಹೇಳಬೇಕು. ಇದೇ ನನ್ನ ನಿಜವಾದ ಕೆಲಸ ಅಂದುಕೊಂಡು ಹೋಗಿದ್ದೆ. ಎರಡು ನಿಮಿಷಕ್ಕೇ ಮಕ್ಕಳ ಕಣ್ಣು ಬೇರೆ ಕಡೆ. ಪ್ರಶ್ನೆ ಕೇಳಿದರೆ ಎಲ್ಲದಕ್ಕೂ "ಯೇಸು" ಅಂತ ಒಂದೇ ಉತ್ತರ. ದಾವಣಗೆರೆಯ ಸಂಡೇ ಸ್ಕೂಲಿನಲ್ಲೂ ಇದೇ ಕಥೆ, ನಗು ಬರುತ್ತಿತ್ತು. ಬಂದವರಲ್ಲಿ ಪಕ್ಕದ ಈಸ್ಟ್ಲೀ ಕಡೆಯ ಸೊಮಾಲಿ ಮುಸ್ಲಿಂ ಹುಡುಗಿಯರೂ ಇದ್ದರು. ಅಲ್ಲಿಯ ಅಕ್ಕ ಒಂದು ನಿಯಮ ಇಟ್ಟಿದ್ದಳು. ಬನ್ನು, ಚಹಾ ಮೊದಲು, ಮಾತು ಆಮೇಲೆ. ತಿಂದು ಎದ್ದು ಹೋಗೋರು ಹೋಗಬಹುದು, ಯಾರೂ ಏನೂ ಅನ್ನಬಾರದು. ಬನ್ನಿಗಾಗಿ ಯಾರೂ ಕಥೆ ಕೇಳಬಾರದು ಅನ್ನೋದು ಅವಳ ಹಟ. ನಾವು ಸಭೆಯ ಕಡೆಯವರು ಅಂತ ತಾಯಂದಿರಿಗೆ ಮೊದಲ ದಿನವೇ ಮನೆಗೆ ಹೋಗಿ ಹೇಳಿ ಬರುತ್ತಿದ್ದಳು. ನಾನು ಅಲ್ಲಿ ಕಲಿತ ಎಲ್ಲದರಲ್ಲೂ ಇದೇ ದೊಡ್ಡದು ಅಂತ ನನ್ನ ಲೆಕ್ಕ.

ತಿಂಗಳ ಕೊನೆಗೆ ಊರಿಗೆ ಪ್ರಾರ್ಥನಾ ಪತ್ರ ಬರೆಯಬೇಕು. ದುಡ್ಡು ಕೊಟ್ಟವರಿಗೆ ಲೆಕ್ಕ ಒಪ್ಪಿಸೋ ಹಾಗೆ. "ಎಷ್ಟು ಆತ್ಮಗಳು ಬಂದ್ವು?" ಅಂತ, ಅಂದರೆ ಎಷ್ಟು ಜನ ಯೇಸುವನ್ನು ನಂಬಿದರು ಅಂತ, ಒಬ್ಬರು ಪ್ರತಿ ಸಲ ಕೇಳೋರು. ಏನು ಬರೆಯಲಿ? "ಈ ತಿಂಗಳು 22 ಹುಡುಗಿಯರು ದಿಕ್ಕು ಬದಲಿಸದೆ ಓಡೋದು ಕಲಿತರು" ಅಂತ ಬರೆದೆ. ಇಬ್ಬರು ಕಾಣಿಕೆ ನಿಲ್ಲಿಸಿದರು. ಹೂವಿನ ಅಜ್ಜಿಗೆ ಮೊಮ್ಮಗ ಓದಿ ಹೇಳಿದನಂತೆ, ಆಕೆ ಮಾತ್ರ "ಕ್ಯಾನು ಹೊರೋ ಹುಡುಗಿ ಹೆಂಗದಾಳೆ?" ಅಂತ ಕೇಳಿಸಿದ್ದರು.

2017ರ ಆಗಸ್ಟ್ 8ಕ್ಕೆ ಅಲ್ಲಿ ಚುನಾವಣೆ. ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟು ಅಧ್ಯಕ್ಷರ ಆಯ್ಕೆಯನ್ನೇ ರದ್ದು ಮಾಡಿ, ಅಕ್ಟೋಬರ್ 26ಕ್ಕೆ ಮತ್ತೆ ಮತದಾನ ಆಯಿತು. ಆ ಮೂರು ತಿಂಗಳು ಮೈದಾನ ತೆರೆದ ದಿನಕ್ಕಿಂತ ಮುಚ್ಚಿದ ದಿನವೇ ಜಾಸ್ತಿ. ರೂಮಿನಲ್ಲಿ ಕೂತು ಮಕ್ಕಳ ಮನೆಗಳಿಗೆ ಫೋನು ಮಾಡೋದೇ ಸೇವೆ. ಅದೇ ಆಗಸ್ಟಿನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನೂ ನಿಷೇಧಿಸಿದರು. ಒಳ್ಳೆಯದೇ. ಆದರೆ ಅಲ್ಲಿನ ಹುಡುಗರು ಚೀಲಗಳನ್ನು ಉಂಡೆ ಕಟ್ಟಿ, ದಾರ ಸುತ್ತಿ ಫುಟ್‌ಬಾಲ್ ಮಾಡೋರು. "ಈಗ ನಮ್ಮ ಬಾಲಿಗೆ ಏನು ಮಾಡೋದು?" ಅಂತ ಗೋಳಾಡಿದರು. ಹಳೇ ಬಟ್ಟೆ ತುಂಬಿ ಮಾಡಿದರೆ ಮಳೆಗೆ ನೆನೆದು ಕಲ್ಲಾಗುತ್ತಿತ್ತು. ಅಂಥ ಒಂದು ದಿನ ಹುಡುಗರೇ ಗೋಲಿನ ಹಿಂದಕ್ಕೆ ಬಂದು, ನಾವೂ ಕೂರಬಹುದಾ ಅಂತ ಕೇಳಿದರು. ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಮೊದಲು ಕಂಬ ಆಗಿ ನಿಲ್ಲಿ ನೋಡೋಣ ಅಂದರು.

2018ರ ಡಿಸೆಂಬರಿನಲ್ಲಿ ವಾಪಸ್ ಬಂದೆ. ಈಗ ಇಲ್ಲೇ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಶನಿವಾರ ಸಂಜೆ ಮಂಡಕ್ಕಿ ಭಟ್ಟಿ ಕಡೆಯ ಹುಡುಗಿಯರಿಗೆ ಖೋ-ಖೋ ಹೇಳಿಕೊಡುತ್ತೇನೆ. ಇಲ್ಲಿ ನಡುವಿನ ಐದು ನಿಮಿಷದ ಮಾತು ಇಲ್ಲ. ನಾನು ಯಾರು, ಭಾನುವಾರ ಎಲ್ಲಿಗೆ ಹೋಗ್ತೀನಿ ಅಂತ ಅವರ ಮನೆಯವರಿಗೆಲ್ಲ ಗೊತ್ತು. ಅಷ್ಟು ಸಾಕು. ತಡವಾಗಿ ಬಂದವರಿಗೆ ಸುತ್ತು ಇಲ್ಲ. ಮೊದಲು ಮಂಡಕ್ಕಿ, ಆಮೇಲೆ ಆಟ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತಲ್ಲ, ಕೀನ್ಯಾ ತಂಡವೂ ಬಂದಿತ್ತು. ಫೋನಿನಲ್ಲಿ ಹಾಕಿಕೊಂಡು ಅಮ್ಮನ ಪಕ್ಕ ಕೂತು ನೋಡಿದೆ. ಮ್ಯಾಟ್ ಮೇಲೆ ಆಟ, ನಿಜವಾದ ಕಂಬ.

"ನಿನ್ನ ಹುಡುಗ್ರು ಅದಾರೇನವ್ವಾ ಇದ್ರಾಗೆ?"

"ಇಲ್ಲಮ್ಮ."

ಅಮ್ಮ ಕನ್ನಡಕ ಒರೆಸಿಕೊಂಡು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಸರಿಯಾಗಿ ನೋಡು" ಅಂದಳು.