ಬೀಜದ ಗಂಟು ಬೆಚ್ಚಗಿರಲಿ

ಯುಗಾದಿ ಹತ್ತಿರ ಬಂದಾಗ ಪೇಟೆಗೆ ಓಡಿ, ಬೀಜದ ಪೊಟ್ಟಣ ತಂದು, ಅದೇ ಸಂಜೆ ಕುಂಡಕ್ಕೆ ತುರುಕಿ, ಆಮೇಲೆ ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದು ಕೈಚೆಲ್ಲಿ ಕೂರುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಕೈಗುಣಕ್ಕೇನೂ ಆಗಿಲ್ಲ. ಯುಗಾದಿಗೆ ನೆಲಕ್ಕಿಳಿಯಬೇಕಾದ ಸಸಿಯ ಕೆಲಸ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುತ್ತಿದ್ದಂತೆ ಶುರುವಾಗಬೇಕು. ಬದನೆ, ಟೊಮೆಟೊ ಒಟ್ಲಿನಲ್ಲಿ, ಅಂದರೆ ಸಸಿ ಎಬ್ಬಿಸುವ ಮಡಿಯಲ್ಲಿ, ನಾಲ್ಕೈದು ಎಲೆ ಬಿಡಲು ತಿಂಗಳಾದರೂ ಬೇಡವೇ? ಮೆಣಸಿನಕಾಯಿಗೆ ಇನ್ನೊಂದು ವಾರ ಹೆಚ್ಚೇ ಬೇಕು, ಅದು ಸೋಮಾರಿ.

ಆದರೆ ಆ ಹೊತ್ತಿಗೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಚಳಿ ಇನ್ನೂ ಜೋರು. ನಂದಿಬೆಟ್ಟದ ತಪ್ಪಲಿನ ಊರುಗಳಲ್ಲಿ ಬೆಳಗಿನ ಹೊತ್ತು ಮಣ್ಣು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುವ ತನಕ ಹೀರೆ, ಹಾಗಲ, ಪಡವಲದ ಬೀಜ ಅಂಥ ಮಣ್ಣಿನಲ್ಲಿ ಮೊಳೆಯುವುದಕ್ಕಿಂತ ಕೊಳೆಯುವುದೇ ಹೆಚ್ಚು. ಇದನ್ನು ಹೇಳಿದರೆ ನನ್ನ ಸೊಸೆ ಕುಂಡಗಳನ್ನೆಲ್ಲ ಕಿಟಕಿಯ ಬೆಳಕಿಗೆ ಸರಿಸುತ್ತಾಳೆ. ಬೆಳಕು ಬೇಕಾಗುವುದು ಮೊಳಕೆ ತಲೆ ಎತ್ತಿದ ಮೇಲೆ, ತಾಯಿ. ಅಲ್ಲಿಯವರೆಗೆ ಈ ಬೀಜಗಳು ಕೇಳುವುದು ಒಂದಿಷ್ಟು ಬೆಚ್ಚಗಿನ ಜಾಗ ಮತ್ತು ಹದವಾದ ತೇವ.

ಬಳ್ಳಿ ತರಕಾರಿಯ ಬೀಜವನ್ನು ನಾನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸದೆ ಮಣ್ಣಿಗೆ ಹಾಕುವುದೇ ಇಲ್ಲ. ಹಾಗಲ, ಪಡವಲದ ಸಿಪ್ಪೆ ಗಟ್ಟಿ. ಚೂಪಾದ ತುದಿಯ ಅಂಚನ್ನು ಉಗುರು ಕತ್ತರಿಯಿಂದ ಹಗುರವಾಗಿ ಹಿಸುಕಿ. ಸಿಪ್ಪೆ ‘ಚಟ್’ ಎಂದು ಬಿರಿದರೆ ಸಾಕು, ಒಳಗಿನ ಬೇಳೆಗೆ ಗಾಯವಾಗಬಾರದು. ಸೋರೆ, ಹೀರೆಗೆ ಇದೂ ಬೇಡ. ಎಲ್ಲ ಬೀಜವನ್ನೂ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಸಿದುಬಿಡಿ. ಹಳೆಯ ಹತ್ತಿ ಪಂಚೆಯ ತುಂಡು ಬೇಕು, ಒಗೆದು ಒಗೆದು ಮೆತ್ತಗಾದದ್ದು. ಹೊಸ ಬಟ್ಟೆಯ ಗಂಜಿ ಹುಳಿಯುತ್ತದೆ. ನೈಲಾನ್ ಸೀರೆಯ ಚೂರು ತಂದವರನ್ನು ನಾನು ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಬಟ್ಟೆಯನ್ನು ಒದ್ದೆ ಮಾಡಿ, ಹನಿ ಬೀಳದಷ್ಟು ಹಿಂಡಿ, ಬೀಜಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಸುರುಳಿ ಸುತ್ತಿ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದರೆ ಉಸಿರು ಕಟ್ಟಿ ಹುಳಿ ವಾಸನೆ ಹೊಡೆಯುತ್ತದೆ.

ಇನ್ನು ಇಡುವ ಜಾಗ. ಬಚ್ಚಲಿನಲ್ಲಿ ಹಂಡೆಯ ಒಲೆ ಇದ್ದವರಿಗೆ ಚಿಂತೆಯಿಲ್ಲ, ಒಲೆಯ ಪಕ್ಕದ ಕಟ್ಟೆಯೇ ಸಾಕು. ಒಲೆಯ ಮೇಲೆ ಇಟ್ಟು ಬೇಯಿಸಬೇಡಿ. ಮಗುವಿಗೆ ಎರೆಯುವ ನೀರನ್ನು ನೋಡುವಂತೆ ಮಣಿಕಟ್ಟನ್ನು ತಾಗಿಸಿ ನೋಡಿ, ಹಿತವೆನಿಸಬೇಕು. ಗೀಸರ್ ಮನೆಯವರು ಹಾಟ್‌ಬಾಕ್ಸ್‌ನಲ್ಲಿ ಒಂದು ಬಿಸಿನೀರಿನ ಬಾಟಲಿ ಇಟ್ಟು ಗಂಟನ್ನು ಅದರ ಪಕ್ಕದಲ್ಲಿಡಿ, ಮುಚ್ಚಳ ಸ್ವಲ್ಪ ಓರೆಯಾಗಿರಲಿ, ನೀರು ಆರಿದಾಗ ಬದಲಿಸಿ. ದಿನಕ್ಕೊಮ್ಮೆ ಬಿಚ್ಚಿ ಮೂಸಿ ನೋಡಬೇಕು. ಹಸಿ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ಬಂದರೆ ಬೀಜವನ್ನೂ ಬಟ್ಟೆಯನ್ನೂ ತೊಳೆದು, ಅರೆಗಳಿಗೆ ಗಾಳಿಗೆ ಬಿಟ್ಟು ಮತ್ತೆ ಕಟ್ಟಿ. ಬಿಳಿಯ ಮೂತಿ ಅರ್ಧ ಜೀರಿಗೆಯಷ್ಟು ಇಣುಕಿದ ಬೀಜವನ್ನು ಅಂದೇ ಆರಿಸಿ ಮಣ್ಣಿಗೆ ಹಾಕಬೇಕು, ಉಳಿದವು ಗಂಟಿನಲ್ಲೇ ಇರಲಿ. ‘ಇನ್ನಷ್ಟು ಬರಲಿ’ ಎಂದು ಆಸೆಪಟ್ಟರೆ ಬೇರು ಬಟ್ಟೆಯ ಎಳೆಗೆ ಹೊಕ್ಕು, ಬಿಡಿಸುವಾಗ ಮುರಿಯುತ್ತದೆ.

ನಮ್ಮ ಅತ್ತೆಯವರ ಕಾಲದಲ್ಲಿ ಈ ಗಂಟು ನೇತಾಡುತ್ತಿದ್ದದ್ದು ರೇಷ್ಮೆ ಹುಳುವಿನ ಮನೆಯ ತೊಲೆಗೆ. ಶಿಡ್ಲಘಟ್ಟದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ, ಒಳ್ಳೆಯ ತೇವ ಬೇಕು, ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟು ಕಾಯುತ್ತಿದ್ದರು. ಹುಳುವಿಗೆ ಹಿತವಾದದ್ದು ಹೀರೆ ಬೀಜಕ್ಕೂ ಹಿತ. ಆದರೆ ಹುಳುವಿಗೆ ವಿಷವಾದ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಯಾರೂ ಆ ಬಾಗಿಲು ದಾಟುವಂತಿರಲಿಲ್ಲ, ಬೀಜ ನೋಡುವ ನೆಪದಲ್ಲಿ ನುಗ್ಗಿದ ಮಾವನವರೂ ಬೈಗುಳ ತಿಂದಿದ್ದಾರೆ. ಈಗ ಚಾಕಿಯನ್ನೇ ಕೊಂಡು ತರುತ್ತಾರೆ, ಬಿಡಿ.

ಹುರುಳಿಯನ್ನು ಮೊಳಕೆ ಕಟ್ಟುವವರಿಗೂ ಒಂದು ಮಾತು. ನೀರು ಸರಿಯಾಗಿ ಬಸಿಯದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದುಮಿಟ್ಟು, ಲೋಳೆಯಾದ ಕಾಳಿನಲ್ಲಿ ಬಸ್ಸಾರು ಮಾಡಿ ಮಸಾಲೆಯನ್ನು ದೂರಬೇಡಿ.

ಮೊಳೆತ ಬೀಜ ಹಾಕಲು ತೂತು ಮಾಡಿದ ಹಾಲಿನ ಪ್ಯಾಕೆಟ್ಟು, ತೆಂಗಿನ ಚಿಪ್ಪು ಯಾವುದಾದರೂ ಆದೀತು. ಕೆಮ್ಮಣ್ಣು, ಹಳೆಯ ಗೊಬ್ಬರ, ಮರಳು ನಿಮಗೇ ಗೊತ್ತಿರುವಂತೆ. ಬೆರಳಿನ ಒಂದು ಗೆಣ್ಣಿನಾಳ, ಬೀಜ ಮಲಗಿದಂತೆ, ಮೂತಿ ಕೆಳಮುಖ. ಬಳ್ಳಿಗಳಿಗೆ ಬೇರು ಕದಲಿಸಿದರೆ ಆಗದು, ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ಚಿಪ್ಪು. ಬದನೆ, ಮೆಣಸಿನಕಾಯಿ ಹಾಗಲ್ಲ, ಒಟ್ಲಿನಲ್ಲಿ ಸಾಲು ಬಿತ್ತಿ ಕಿತ್ತು ನೆಟ್ಟರೂ ಚೇತರಿಸಿಕೊಳ್ಳುತ್ತವೆ. ಸಾಲಿನ ಸುತ್ತ ಬೂದಿ ಉದುರಿಸಿ, ಇಲ್ಲದಿದ್ದರೆ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ. ನೀರು ಬೆಳಿಗ್ಗೆ ಮಾತ್ರ. ರಾತ್ರಿಯೆಲ್ಲ ಒದ್ದೆ ನಿಂತರೆ ಸಸಿಯ ಬುಡ ದಾರದಂತೆ ಸಣ್ಣಗಾಗಿ ಮಲಗಿಬಿಡುತ್ತದೆ. ಮಾರ್ಕೆಟ್ಟಿನ ಹೈಬ್ರಿಡ್ ಟೊಮೆಟೊ ಹಿಂಡಿ ಬೀಜ ತೆಗೆಯುವ ಉಳಿತಾಯ ಬೇಡ, ಗಿಡ ಹುಟ್ಟಿದರೂ ಕಾಯಿ ಹಾಗೆಯೇ ಬರುವುದಿಲ್ಲ.

ಕಡ್ಡಿ ನೆಡುವವರ ಕಥೆಯೇ ಬೇರೆ. ದಾಸವಾಳ, ಕಾಕಡ, ನಾಟಿ ಗುಲಾಬಿ ಎಲ್ಲದಕ್ಕೂ ಬಲಿತ ಕಡ್ಡಿ, ಚಿಗುರೊಡೆಯುವ ಮೂರು ನಾಲ್ಕು ಕಣ್ಣು, ಕೆಳಗಡೆ ಗೆಣ್ಣಿನ ಬುಡಕ್ಕೆ ಓರೆ ಕೊಯ್ತ. ತಲೆಕೆಳಗಾಗಿ ನೆಟ್ಟವರೂ ಇದ್ದಾರೆ. ಕಣ್ಣು ಮೇಲಕ್ಕೆ ನೋಡಬೇಕು ಎಂಬುದನ್ನೂ ಬರೆಯಬೇಕಾಯಿತಲ್ಲ! ಎರಡು ಎಲೆ ಚಿಗುರಿದ ಕೂಡಲೇ ನನ್ನ ತಂಗಿಯ ಮಗಳು ‘ಬೇರು ಬಂತಾ ದೊಡ್ಡಮ್ಮ’ ಎನ್ನುತ್ತಾ ಕಿತ್ತು ನೋಡುತ್ತಾಳೆ. ಚಿಗುರು ಹೊಮ್ಮುವುದು ಕಡ್ಡಿಯಲ್ಲಿ ಕೂಡಿಟ್ಟ ಸತ್ವದಿಂದ, ಬೇರು ಇನ್ನೂ ಬಂದೇ ಇರುವುದಿಲ್ಲ. ಪ್ಯಾಕೆಟ್ಟಿನ ತಳದ ತೂತಿನಲ್ಲಿ ಬಿಳಿ ಬೇರು ಇಣುಕುವವರೆಗೆ ಕೈ ಕಟ್ಟಿಕೊಂಡಿರಿ. ನುಗ್ಗೆಗೆ ಮಾತ್ರ ಇಷ್ಟೆಲ್ಲ ಉಪಚಾರ ಬೇಡ: ತೋಳುದ್ದದ ಕೊಂಬೆ ಕಡಿದು, ಒಂದೆರಡು ದಿನ ನೆರಳಿನಲ್ಲಿ ಬಾಡಿಸಿ, ನೇರ ನೆಲಕ್ಕೆ ನೆಟ್ಟು, ಮೇಲಿನ ಕೊಯ್ತಕ್ಕೆ ಸಗಣಿ ಮೆತ್ತಿ.

ಸಸಿಗಳನ್ನು ನೆಲಕ್ಕಿಳಿಸುವ ಮುಂಚೆ ನೀರು ಕಡಿಮೆ ಮಾಡುತ್ತಾ, ದಿನದಿನಕ್ಕೆ ಸ್ವಲ್ಪ ಹೆಚ್ಚು ಬಿಸಿಲು ತೋರಿಸಿ ಗಟ್ಟಿ ಮಾಡಿ. ನಾಟಿ ಸಂಜೆ ಹೊತ್ತು. ಮತ್ತೆ, ಮನೆಯಲ್ಲಿರುವ ಬೀಜವನ್ನೆಲ್ಲ ಒಂದೇ ಸಲ ನೆನೆಹಾಕಬೇಡಿ, ಅರ್ಧ ಡಬ್ಬಿಯಲ್ಲಿರಲಿ. ಕೋಳಿ ಕೆದರಿದ ಮೇಲೆ ನನ್ನ ಮನೆಗೆ ಬೀಜ ಕೇಳಲು ಬಂದರೆ ನಾನು ಕೊಡುವುದಿಲ್ಲ.